ರೋಬೋಟ್ ನೆರವಿನ ಮಂಡಿ ಮತ್ತು ಸೊಂಟದ ಕೀಲು ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ಪೂರ್ತಿ ಸವೆದಿದೆ, ಕೀಲು ಬದಲಾಯಿಸಬೇಕು ಅಂತ ಡಾಕ್ಟರ್ ಹೇಳಿ ಮುಗಿಸುವ ಮೊದಲೇ ಮನೆಯವರಲ್ಲಿ ಒಬ್ಬರು ಕೇಳುತ್ತಾರೆ: "ರೋಬೋಟಿಕ್ ಮಾಡ್ತೀರಾ?" ಆ ಪದಕ್ಕೆ ಅಷ್ಟು ತೂಕ ಬಂದುಬಿಟ್ಟಿದೆ. ಆದರೆ ರೋಬೋಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಬಿಡಿಸಿ ಹೇಳುವವರು ಕಡಿಮೆ. ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನು ಅವರ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಇವು ಸಾಮಾನ್ಯ ಉತ್ತರಗಳು. ನಿಮ್ಮ ಕಾಲಿನ ಎಕ್ಸ್-ರೇ ನೋಡಿದವರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ರೋಬೋಟ್ ತಾನೇ ಆಪರೇಶನ್ ಮಾಡುತ್ತದಾ? ಡಾಕ್ಟರ್ ಸುಮ್ನೆ ನಿಂತು ನೋಡುತ್ತಾರಾ?

ಇಲ್ಲ. ಇವತ್ತು ಹೆಚ್ಚು ಬಳಕೆಯಲ್ಲಿರುವ ಯಂತ್ರಗಳಲ್ಲಿ ಗರಗಸ ಹಿಡಿಯುವುದು ಸರ್ಜನ್ ಕೈಯೇ. ಚರ್ಮ ಕೊಯ್ಯುವುದು, ಕೀಲು ತೆರೆಯುವುದು, ಹೊಸ ಕೀಲನ್ನು ಕೂರಿಸುವುದು, ಹೊಲಿಗೆ ಹಾಕುವುದು ಎಲ್ಲ ಅವರದೇ ಕೆಲಸ. ರೋಬೋಟ್ ಬರುವುದು ನಡುವಿನ ಒಂದು ಹಂತದಲ್ಲಿ. ಮೂಳೆಯನ್ನು ಎಲ್ಲಿ, ಎಷ್ಟು, ಯಾವ ಓರೆಯಲ್ಲಿ ಕತ್ತರಿಸಬೇಕು ಎಂಬಲ್ಲಿ. ಅದಕ್ಕೇ "ರೋಬೋಟ್ ನೆರವಿನ" ಎನ್ನುವುದು. ತಾವಾಗಿಯೇ ಮೂಳೆ ಕೊರೆಯುವ ಯಂತ್ರಗಳೂ ಇವೆ, ಅವುಗಳ ವಿಷಯ ಮುಂದೆ ಬರುತ್ತದೆ. ಅಲ್ಲೂ ಲೆಕ್ಕ ಹಾಕಿಕೊಟ್ಟವರು, ಬೇಕೆಂದಾಗ ನಿಲ್ಲಿಸುವವರು ಸರ್ಜನ್ನೇ.

ಹಾಗಿದ್ದರೆ ಅದು ಮಾಡುವ ಕೆಲಸವಾದರೂ ಏನು?

ಮೊದಲು ಮಾಮೂಲಿ ಆಪರೇಶನ್ ಹೇಗೆ ನಡೆಯುತ್ತದೆ ನೋಡೋಣ. ಮಂಡಿ ಬದಲಾವಣೆ ಅಂದರೆ ಇಡೀ ಮಂಡಿಯನ್ನು ಕಿತ್ತು ಬೇರೆಯದು ಇಡುವುದಲ್ಲ. ತೊಡೆ ಮೂಳೆಯ ಕೆಳತುದಿ ಮತ್ತು ಕೆಳಗಾಲಿನ ಮೂಳೆಯ ಮೇಲ್ತುದಿಯಿಂದ ಸವೆದ ಪದರವನ್ನು ತೆಗೆದು, ಮೇಲೆ ಲೋಹದ ಟೋಪಿ ಹಾಕಿದ ಹಾಗೆ. ತೆಗೆಯುವ ದಪ್ಪ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಸುಪಾಸು. ಎರಡು ಲೋಹಗಳ ನಡುವೆ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಕೂರುತ್ತದೆ. ಕತ್ತರಿಸುವ ಓರೆ ಸರಿ ಬರಲಿ ಎಂದು ತೊಡೆ ಮೂಳೆಯ ಒಳಗೆ ಉದ್ದನೆಯ ಸರಳು ತೂರಿಸಿ, ಅದರ ಆಧಾರದ ಮೇಲೆ ಒಂದು ಅಚ್ಚು ಜೋಡಿಸಿ, ಆ ಅಚ್ಚಿನ ಸೀಳಿನಲ್ಲಿ ಗರಗಸ ಆಡಿಸುತ್ತಾರೆ. ಉಳಿದದ್ದು ಕಣ್ಣಳತೆ, ಕೈಯ ಅನುಭವ. ದಶಕಗಳಿಂದ ಕೋಟ್ಯಂತರ ಮಂಡಿಗಳು ಹೀಗೇ ಆಗಿವೆ, ಬಹುಪಾಲು ಚೆನ್ನಾಗಿಯೇ ಆಗಿವೆ.

ರೋಬೋಟ್ ಇದ್ದಾಗ ಆ ಸರಳು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅದರ ಬದಲು ತೊಡೆ ಮೂಳೆಗೂ ಕೆಳಗಾಲಿನ ಮೂಳೆಗೂ ಸಣ್ಣ ಪಿನ್ನುಗಳನ್ನು ಹಾಕಿ, ಅವುಗಳ ಮೇಲೆ ಹೊಳೆಯುವ ಗುಂಡುಗಳಿರುವ ಚೌಕಟ್ಟು ಸಿಕ್ಕಿಸುತ್ತಾರೆ. ಆಪರೇಶನ್ ಥಿಯೇಟರಿನಲ್ಲಿರುವ ಇನ್‌ಫ್ರಾರೆಡ್ ಕ್ಯಾಮೆರಾ ಆ ಗುಂಡುಗಳನ್ನೇ ನೋಡುತ್ತಿರುತ್ತದೆ. ಕಾಲು ಒಂದು ಕೂದಲೆಳೆ ಅಲುಗಿದರೂ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆಮೇಲೆ ಸರ್ಜನ್ ಚೂಪು ತುದಿಯ ಕಡ್ಡಿಯಿಂದ ಮೂಳೆಯ ಮೇಲೆ ಹತ್ತಾರು ಕಡೆ ಮುಟ್ಟುತ್ತಾ ಹೋಗುತ್ತಾರೆ. ಪರದೆಯ ಮೇಲೆ ನಿಮ್ಮದೇ ಮೂಳೆಯ ನಕ್ಷೆ ಮೂಡುತ್ತದೆ. ಮುಂಚೆ ಸಿಟಿ ಸ್ಕ್ಯಾನ್ ಬೇಡದ ಯಂತ್ರಗಳಲ್ಲಿ ಕಾಲನ್ನು ಸೊಂಟದಿಂದ ಸುತ್ತಲೂ ತಿರುಗಿಸುತ್ತಾರೆ. ಆ ಚಲನೆಯಿಂದಲೇ ಸೊಂಟದ ಕೀಲಿನ ನಡುಬಿಂದು ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ.

ಇದರ ನಂತರದ ಐದು ಹತ್ತು ನಿಮಿಷವೇ ನನ್ನ ಪ್ರಕಾರ ರೋಬೋಟಿನ ನಿಜವಾದ ಬೆಲೆ. ಇನ್ನೂ ಒಂದು ಚೂರು ಮೂಳೆ ಕತ್ತರಿಸಿರುವುದಿಲ್ಲ. ಸರ್ಜನ್ ಕಾಲನ್ನು ಚಾಚಿ, ಮಡಚಿ, ಒಳಗೆ ಹೊರಗೆ ಎಳೆದು ಲಿಗಮೆಂಟ್ (ಎರಡು ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಎಷ್ಟು ಬಿಗಿ, ಎಷ್ಟು ಸಡಿಲ ಎಂದು ನೋಡುತ್ತಾರೆ. ಪರದೆಯ ಮೇಲೆ ಅದು ಮಿಲಿಮೀಟರ್ ಲೆಕ್ಕದಲ್ಲಿ ಬರುತ್ತದೆ. ಮಡಚಿದಾಗ ಒಳಬದಿ ಬಿಗಿ ಎಂದಾದರೆ, ಲೋಹದ ಟೋಪಿಯನ್ನು ಪರದೆಯಲ್ಲೇ ಒಂದು ಡಿಗ್ರಿ ತಿರುಗಿಸಿ, ಒಂದು ಮಿಲಿಮೀಟರ್ ಸರಿಸಿ ಏನಾಗುತ್ತದೆ ನೋಡಬಹುದು. ದರ್ಜಿ ಬಟ್ಟೆಗೆ ಕತ್ತರಿ ಇಡುವ ಮುಂಚೆ ಮೈಮೇಲೆ ಹಿಡಿದು ನೋಡುತ್ತಾನಲ್ಲ, ಹಾಗೆ. ಮಾಮೂಲಿ ಆಪರೇಶನ್‌ನಲ್ಲಿ ಈ ಬಿಗಿ ಸಡಿಲ ಪೂರ್ತಿ ತಿಳಿಯುವುದು ಮೂಳೆ ಕತ್ತರಿಸಿದ ಮೇಲೆ. ಆಗ ಸರಿಪಡಿಸಲು ಲಿಗಮೆಂಟನ್ನು ಅಲ್ಲಲ್ಲಿ ಬಿಡಿಸಬೇಕಾಗುತ್ತದೆ.

ಕೊನೆಗೆ ಕತ್ತರಿಸುವುದು. ಯೋಜನೆ ದಾಟಿ ಗರಗಸ ಹೋಗದಂತೆ ಯಂತ್ರ ತಡೆಯುತ್ತದೆ. ಹೊಲಕ್ಕೆ ಬೇಲಿ ಇದ್ದ ಹಾಗೆ. ಉಳುವವನು ಬೇರೆ, ಬೇಲಿ ಬೇರೆ.

ಎಲ್ಲ ರೋಬೋಟ್‌ಗಳೂ ಒಂದೇನಾ?

ಒಂದೇ ಅಲ್ಲ. ಸ್ಟ್ರೈಕರ್ ಕಂಪನಿಯ ಮೇಕೋದಲ್ಲಿ ಗರಗಸ ರೋಬೋಟಿನ ತೋಳಿನ ತುದಿಯಲ್ಲಿರುತ್ತದೆ. ಸರ್ಜನ್ ಅದನ್ನು ಹಿಡಿದು ನಡೆಸುತ್ತಾರೆ, ಗೆರೆ ದಾಟಲು ಹೋದರೆ ತೋಳು ಅಡ್ಡ ನಿಲ್ಲುತ್ತದೆ. ಸ್ಮಿತ್ ಆಂಡ್ ನೆಫ್ಯೂ ಕಂಪನಿಯ ಕೋರಿ ಕೈಯಲ್ಲಿ ಹಿಡಿಯುವ ಸಾಧನ. ಅದರ ತುದಿಯಲ್ಲಿ ತಿರುಗುತ್ತಾ ಮೂಳೆ ಸವೆಸುವ ಬರ್ ಇರುತ್ತದೆ. ಗೆರೆ ಹತ್ತಿರ ಬಂದರೆ ಬರ್ ಒಳಗೆ ಸರಿಯುತ್ತದೆ, ಇಲ್ಲವೇ ನಿಲ್ಲುತ್ತದೆ. ಝಿಮ್ಮರ್ ಬಯೋಮೆಟ್‌ನ ರೋಸಾ ಮೂಳೆ ಕತ್ತರಿಸುವುದೇ ಇಲ್ಲ. ಕತ್ತರಿಸುವ ಅಚ್ಚನ್ನು ಸರಿಯಾದ ಜಾಗದಲ್ಲಿ ಹಿಡಿದುಕೊಡುತ್ತದೆ, ಮಾಮೂಲಿ ಗರಗಸದಿಂದ ಸರ್ಜನ್ ಕತ್ತರಿಸುತ್ತಾರೆ. ಡೆಪ್ಯೂ ಸಿಂಥೆಸ್‌ನ ವೆಲಿಸ್ ಗರಗಸವನ್ನು ಯೋಜನೆಯ ಸಮತಲದಲ್ಲೇ ಇಟ್ಟುಕೊಳ್ಳುತ್ತದೆ. ತಾವಾಗಿಯೇ ಕೊರೆಯುವ ಗುಂಪು ಇನ್ನೊಂದು. ಟಿ-ಸೊಲ್ಯೂಷನ್ ಒನ್, ಕೊರಿಯಾದ ಕ್ಯುವಿಸ್ ಅದರಲ್ಲಿ ಬರುತ್ತವೆ.

ಜಾಹೀರಾತಿನಲ್ಲಿ ಕಾಣದ ಒಂದು ಮಾತು ಇಲ್ಲಿದೆ. ಸಾಮಾನ್ಯವಾಗಿ ಒಂದು ಕಂಪನಿಯ ರೋಬೋಟ್ ಅದೇ ಕಂಪನಿಯ ಕೀಲಿಗೆ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ರೋಬೋಟ್ ಆರಿಸಿದರೆ ಎಷ್ಟೋ ಸಲ ಒಳಗೆ ಕೂರುವ ಕೀಲನ್ನೂ ಆರಿಸಿದ ಹಾಗೆ. ಹತ್ತಾರು ವರ್ಷ ನಿಮ್ಮ ಜೊತೆ ಇರುವುದು ರೋಬೋಟ್ ಅಲ್ಲ, ಆ ಕೀಲು. ಅದರ ಬಗ್ಗೆಯೂ ಕೇಳಿ.

ಇದು ತೀರಾ ಹೊಸದಾ? ಪ್ರಯೋಗಕ್ಕೆ ನಾವೇ ಸಿಕ್ಕೆವಾ?

ಮೂವತ್ತು ವರ್ಷ ದಾಟಿದ ವಿಷಯ. ರೋಬೋಡಾಕ್ ಎಂಬ ಯಂತ್ರದಿಂದ ಮನುಷ್ಯರಿಗೆ ಮೊದಲ ಸೊಂಟದ ಕೀಲು ಬದಲಾವಣೆ ನಡೆದದ್ದು 1992ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಅದರ ಹಿಂದೆ ಇದ್ದವರು ಮೂಳೆ ಸರ್ಜನ್ ವಿಲಿಯಂ ಬಾರ್ಗರ್ ಮತ್ತು ಪಶುವೈದ್ಯ ಹೊವರ್ಡ್ ಪಾಲ್. ಐಬಿಎಂ ಕಂಪನಿಯೂ ಕೈಜೋಡಿಸಿತ್ತು. ಮನುಷ್ಯರಿಗಿಂತ ಮೊದಲು ಈ ಚಿಕಿತ್ಸೆ ಸಿಕ್ಕಿದ್ದು ಸೊಂಟ ಸವೆದ ನಾಯಿಗಳಿಗೆ!

ರೋಬೋಡಾಕ್ ತಾನೇ ಮೂಳೆ ಕೊರೆಯುತ್ತಿತ್ತು. ಕೊರೆದ ಗುಂಡಿ ನಿಖರವಾಗಿಯೇ ಇರುತ್ತಿತ್ತು. ಆದರೆ ಯಂತ್ರಕ್ಕೆ ದಾರಿ ಬಿಡಲು ಸುತ್ತಲಿನ ಸ್ನಾಯುವನ್ನು ಜಾಸ್ತಿ ಬಿಡಿಸಬೇಕಿತ್ತು. ಸಮಯವೂ ಹೆಚ್ಚು ಹಿಡಿಯುತ್ತಿತ್ತು. ಜರ್ಮನಿಯಲ್ಲಿ ಅದು ತುಂಬ ಓಡಾಡಿ, ಸ್ನಾಯುಗಳಿಗೆ ಪೆಟ್ಟಾಗಿದೆ ಎಂಬ ದೂರುಗಳು ಕೋರ್ಟಿಗೆ ಹೋಗಿ, ಬಳಕೆ ಬಿದ್ದುಹೋಯಿತು. ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿದ್ದು 2008ರಲ್ಲಿ.

ಯಂತ್ರವನ್ನೇ ಬಿಟ್ಟುಬಿಡುವ ಬದಲು ಸರ್ಜನ್ ಕೈಗೆ ಬೇಲಿ ಹಾಕಿದರೆ ಹೇಗೆ ಎಂಬ ಯೋಚನೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಕ್ರೋಬಾಟ್ ಯಂತ್ರದಲ್ಲಿ ಬಂತು. ಮೇಕೋ ಅದೇ ಹಾದಿಯದು. 2006ರಲ್ಲಿ ಅರ್ಧ ಮಂಡಿಯಿಂದ (ಮಂಡಿಯ ಸವೆದ ಒಂದು ಭಾಗವನ್ನಷ್ಟೇ ಬದಲಾಯಿಸುವುದು) ಶುರು, 2010ರಲ್ಲಿ ಸೊಂಟ, 2015ರಲ್ಲಿ ಪೂರ್ಣ ಮಂಡಿಗೆ ಅನುಮತಿ. 2013ರಲ್ಲಿ ಸ್ಟ್ರೈಕರ್ ಅದನ್ನು ಕೊಂಡುಕೊಂಡಿತು. ರೋಸಾ ಮಂಡಿಗೆ 2019ರಲ್ಲಿ, ವೆಲಿಸ್‌ಗೆ 2021ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಸೊಂಟದ ಕೀಲಿನಲ್ಲಿ ರೋಬೋಟ್‌ನಿಂದ ಏನು ಪ್ರಯೋಜನ?

ಸೊಂಟದ ಕೀಲು ಅಂದರೆ ಬಟ್ಟಲಿನಲ್ಲಿ ಕೂತ ಚೆಂಡು. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಚೆಂಡು, ಗಟ್ಟಿ ಪಾಲಿಥೀನ್ ಬಟ್ಟಲು, ಮೂಳೆ ಸಿಮೆಂಟ್ ಮೂರನ್ನೂ ಕೂಡಿಸಿ ಕೊಟ್ಟ ಮಾದರಿಯೇ ಇವತ್ತಿಗೂ ತಳಪಾಯ. ಇಲ್ಲಿ ತಲೆನೋವು ಬಟ್ಟಲಿನ ಕೋನ. ಅದು ಸ್ವಲ್ಪ ಜಾಸ್ತಿ ನೆಟ್ಟಗೆ ಅಥವಾ ಜಾಸ್ತಿ ಹಿಂದಕ್ಕೆ ಕೂತರೆ ಚೆಂಡು ಜಾರಿ ಹೊರಬರಬಹುದು, ಅಂಚು ಬೇಗ ಸವೆಯಬಹುದು. 1978ರಲ್ಲಿ ಲೆವಿನೆಕ್ ಮತ್ತು ಸಂಗಡಿಗರು ಒಂದು ಅಳತೆ ಹೇಳಿದರು: ಬಟ್ಟಲಿನ ಓರೆ 40 ಡಿಗ್ರಿ, ಮುಂದಕ್ಕೆ ವಾಲು 15 ಡಿಗ್ರಿ, ಎರಡಕ್ಕೂ ಆಚೀಚೆ 10 ಡಿಗ್ರಿ ಅವಕಾಶ. ಕೇಳಲು ದೊಡ್ಡ ಅವಕಾಶವೇ ಅನಿಸುತ್ತದೆ. ಆದರೆ ಪಕ್ಕಕ್ಕೆ ಮಲಗಿದ ರೋಗಿಯ ಸೊಂಟ ಬಟ್ಟೆಯಡಿ ಎಷ್ಟು ತಿರುಗಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅನುಭವಿಗಳ ಕೈಯಲ್ಲೂ ಬಟ್ಟಲು ಈ ಅಳತೆಯಾಚೆ ಹೋದದ್ದುಂಟು.

ರೋಬೋಟ್ ಈ ಕೋನವನ್ನು ಚೆನ್ನಾಗಿ ಹಿಡಿಯುತ್ತದೆ. ಬಟ್ಟಲಿಗೆ ಎಷ್ಟು ಆಳ ಕೊರೆಯಬೇಕು, ಕಾಲಿನ ಉದ್ದ ಎಷ್ಟು ಬದಲಾಗುತ್ತದೆ ಎಂಬುದನ್ನೂ ಅಂಕಿಯಲ್ಲಿ ತೋರಿಸುತ್ತದೆ. ಆಪರೇಶನ್ ಆದಮೇಲೆ "ಒಂದು ಕಾಲು ಉದ್ದ ಆಯ್ತು" ಎಂಬುದು ಸೊಂಟದವರ ಹಳೆಯ ದೂರು, ಅಲ್ವಾ? ಅದಕ್ಕೆ ಇದು ಉಪಕಾರಿ.

ಆದರೂ ಆ 40 ಮತ್ತು 15 ಮಂತ್ರವಲ್ಲ. ಆ ಅಳತೆಯೊಳಗೇ ಬಟ್ಟಲು ಇದ್ದವರಲ್ಲೂ ಕೀಲು ಜಾರಿದೆ. ಕೂತಾಗ ನಿಂತಾಗ ಸೊಂಟ ವಾಲುವ ರೀತಿ ಒಬ್ಬೊಬ್ಬರಿಗೆ ಒಂದೊಂದು. ಬೆನ್ನುಮೂಳೆಗೆ ಸ್ಕ್ರೂ ಹಾಕಿಸಿಕೊಂಡವರಲ್ಲಿ ಅದು ಇನ್ನೂ ಬೇರೆ. ಹಾಗಾಗಿ ಬೆನ್ನಿನ ಆಪರೇಶನ್ ಆಗಿದ್ದರೆ ಮರೆಯದೆ ಹೇಳಿ. ಕೂತು ಒಂದು, ನಿಂತು ಒಂದು ಎಕ್ಸ್-ರೇ ತೆಗೆಸಿದರೆ ಅಚ್ಚರಿಪಡಬೇಡಿ.

ಕೊನೆಗೂ ಫಲಿತಾಂಶ ಹೆಚ್ಚು ಚೆನ್ನಾಗಿರುತ್ತದಾ? ನೇರವಾಗಿ ಹೇಳಿ.

ಎಕ್ಸ್-ರೇಯಲ್ಲಿ, ಹೌದು. ಅಂದುಕೊಂಡ ಜಾಗದಲ್ಲಿ ಕೀಲು ಕೂರುವುದು ರೋಬೋಟ್‌ನಿಂದ ಹೆಚ್ಚು ಖಚಿತ. ಇದರಲ್ಲಿ ಹೆಚ್ಚು ಜಗಳವಿಲ್ಲ. ರೋಗಿಗೆ ಅನಿಸುವುದರಲ್ಲಿ ವ್ಯತ್ಯಾಸ ಚಿಕ್ಕದು. ಮೊದಲ ಕೆಲವು ವಾರ ನೋವು ಸ್ವಲ್ಪ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ವರ್ಷ ಕಳೆದ ಮೇಲೆ ಎರಡು ಗುಂಪನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಗುರುತು ಹಿಡಿಯುವುದು ಕಷ್ಟ. ಕೊರಿಯಾದಲ್ಲಿ ರೋಬೋಡಾಕ್ ಬಳಸಿದ ಮಂಡಿಗಳನ್ನೂ ಮಾಮೂಲಿ ಮಂಡಿಗಳನ್ನೂ ಕನಿಷ್ಠ 10 ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನಡೆದಾಟದಲ್ಲಾಗಲಿ ಕೀಲಿನ ಬಾಳಿಕೆಯಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ಅದು ಹಳೆಯ ಯಂತ್ರ, ಇವತ್ತಿನವು ಬೇರೆ ಎಂಬ ವಾದವೂ ಇದೆ. ಅದೂ ಸರಿಯೇ.

ಯಾಕೆ ಹೀಗೆ? ನನಗೆ ಒಪ್ಪಿಗೆಯಾಗುವ ಕಾರಣ ಇದು. ರೋಬೋಟ್ ಗುರಿಗೆ ಸರಿಯಾಗಿ ಹೊಡೆಯುತ್ತದೆ. ಗುರಿ ಯಾವುದು ಎಂದು ಅದು ಹೇಳುವುದಿಲ್ಲ. ಸೊಂಟದಿಂದ ಪಾದದವರೆಗೆ ಎಳೆದ ಗೆರೆ ಮಂಡಿಯ ನಡುವೆ ಹಾದು ಕಾಲು ನೇರ 180 ಡಿಗ್ರಿ ಬರಬೇಕು, ಆಚೀಚೆ 3 ಡಿಗ್ರಿ ಸಾಕು ಎಂಬುದು ಹಳೆಯ ಪಾಠ. ಆದರೆ ಹುಟ್ಟಿನಿಂದಲೇ ಎಲ್ಲರ ಕಾಲೂ ಹಾಗೆ ನೇರ ಇರುವುದಿಲ್ಲ. ಯೌವನದಲ್ಲಿ ಓಡಾಡಿ ಗಟ್ಟಿಯಾಗಿದ್ದ ಎಷ್ಟೋ ಕಾಲುಗಳು ಸ್ವಲ್ಪ ಬಿಲ್ಲಿನಂತೆ ಬಾಗಿರುತ್ತವೆ. ಅದನ್ನು ನೆಟ್ಟಗೆ ಮಾಡಬೇಕಾ, ಅವರ ಹಳೆಯ ಬಾಗಿಗೇ ಹೊಂದಿಸಬೇಕಾ? ಸರ್ಜನ್‌ಗಳಲ್ಲೇ ಇನ್ನೂ ಚರ್ಚೆ ನಡೆದಿದೆ. ಒಂದೊಂದು ಕಾಲಿಗೆ ಒಂದೊಂದು ಉತ್ತರ ಹುಡುಕುವ ಡಾಕ್ಟರ ಕೈಯಲ್ಲಿ ರೋಬೋಟ್ ಒಳ್ಳೆಯ ಉಪಕರಣ. ಎಲ್ಲರಿಗೂ ಒಂದೇ ಅಳತೆ ಹಾಕುವವರ ಕೈಯಲ್ಲಿ ದುಬಾರಿ ಸ್ಕೇಲು.

ಇನ್ನೊಂದು. ಮಂಡಿ ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಿಗೆ ಒಬ್ಬರು ಪೂರ್ತಿ ತೃಪ್ತರಲ್ಲ ಎಂಬ ಮಾತು ಬಹಳ ವರ್ಷಗಳಿಂದ ಇದೆ. ಸೊಂಟದಲ್ಲಿ ಅಷ್ಟು ಇಲ್ಲ. ಈ ಅತೃಪ್ತಿಗೆ ಮೂಳೆಯ ಕೋನ ಒಂದೇ ಕಾರಣವಲ್ಲ. ಬೆನ್ನಿನಿಂದ ಇಳಿದು ಬರುವ ನೋವು ಇರಬಹುದು, ಎಕ್ಸ್-ರೇಯಲ್ಲಿ ಸವೆತ ಕಡಿಮೆ ಇದ್ದಾಗಲೇ ಮಾಡಿಸಿದ್ದಿರಬಹುದು, ವ್ಯಾಯಾಮ ಬಿಟ್ಟಿದ್ದಿರಬಹುದು, ಇಪ್ಪತ್ತರ ಹರೆಯದ ಮಂಡಿ ಸಿಗುತ್ತದೆ ಎಂದುಕೊಂಡಿರಬಹುದು. ಇವುಗಳಲ್ಲಿ ಒಂದನ್ನೂ ರೋಬೋಟ್ ಸರಿಮಾಡದು.

ಹೊಸ ಕೀಲು ಎಷ್ಟು ವರ್ಷ ಬಾಳುತ್ತದೆ?

ಹಲವು ದೇಶಗಳ ದಾಖಲೆ ಸೇರಿಸಿ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ಣ ಮಂಡಿಗಳಲ್ಲಿ ಶೇ. 82, ಅರ್ಧ ಮಂಡಿಗಳಲ್ಲಿ ಶೇ. 70, ಸೊಂಟದ ಕೀಲುಗಳಲ್ಲಿ ಶೇ. 58 ಇಪ್ಪತ್ತೈದು ವರ್ಷ ಬಾಳಿವೆ. ಇವೆಲ್ಲ ಕಾಲು ಶತಮಾನದ ಹಿಂದೆ ಹಾಕಿದ ಕೀಲುಗಳು. ಈಗಿನ ಪ್ಲಾಸ್ಟಿಕ್ ಹೆಚ್ಚು ಗಟ್ಟಿ, ಸವೆತ ಕಡಿಮೆ. "ಹತ್ತು ವರ್ಷಕ್ಕೆ ಹೋಗುತ್ತದಂತೆ" ಎಂಬ ಮಾತನ್ನು ಇನ್ನು ಬಿಡಬಹುದು.

ಅರ್ಧ ಮಂಡಿ ಅಂದರೇನು? ಅದಕ್ಕೂ ರೋಬೋಟ್ ಬೇಕಾ?

ಮಂಡಿಯಲ್ಲಿ ಮೂರು ಭಾಗ: ಒಳಬದಿ, ಹೊರಬದಿ, ಚಿಪ್ಪಿನ ಹಿಂದೆ. ಒಂದೇ ಭಾಗ ಸವೆದು, ಲಿಗಮೆಂಟ್ ಗಟ್ಟಿ ಇದ್ದರೆ ಅಷ್ಟನ್ನೇ ಬದಲಾಯಿಸಬಹುದು. ಚೇತರಿಕೆ ಬೇಗ, ಮಂಡಿ ನಮ್ಮದೇ ಅನಿಸುವುದೂ ಜಾಸ್ತಿ. ಆದರೆ ಜಾಗ ಚಿಕ್ಕದು, ಒಂದೆರಡು ಡಿಗ್ರಿ ತಪ್ಪಿದರೂ ಮತ್ತೆ ಆಪರೇಶನ್ ಆಗುವ ಸಾಧ್ಯತೆ ಹೆಚ್ಚು. ರೋಬೋಟ್ ಎಲ್ಲಿಯಾದರೂ ನಿಜಕ್ಕೂ ಕೆಲಸಕ್ಕೆ ಬರುತ್ತದೆ ಅಂದರೆ ನನ್ನ ಲೆಕ್ಕದಲ್ಲಿ ಮೊದಲು ಇಲ್ಲಿ.

ಸಿಟಿ ಸ್ಕ್ಯಾನ್ ಆಗಲೇಬೇಕಾ?

ಯಂತ್ರದ ಮೇಲಿದೆ. ಮೇಕೋಗೆ ಬೇಕು. ಕೋರಿ, ವೆಲಿಸ್‌ಗೆ ಬೇಡ. ರೋಸಾ ಮಂಡಿಗೆ ಎಕ್ಸ್-ರೇ ಸಾಕು, ಅದೂ ಇಲ್ಲದೆ ನಡೆಯುತ್ತದೆ. ಸ್ಕ್ಯಾನ್ ಮಾಡಿಸಿದರೆ ಮೂಳೆಯ ನಕ್ಷೆ ಮೊದಲೇ ಕೈಯಲ್ಲಿರುತ್ತದೆ, ಕೀಲಿನ ಸೈಜು ಮುಂಚೆಯೇ ಅಂದಾಜಾಗುತ್ತದೆ. ಎಕ್ಸ್-ರೇಗಿಂತ ವಿಕಿರಣ ಜಾಸ್ತಿ ಎಂಬುದೂ ನಿಜ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ತಿಳಿಸಬೇಕು.

ಗಾಯ ಚಿಕ್ಕದಾಗಿರುತ್ತದಾ?

ಹೆಚ್ಚುಕಡಿಮೆ ಅಷ್ಟೇ. ಕೀಲು ಒಳಗೆ ಹೋಗುವಷ್ಟು ಜಾಗವಂತೂ ಬೇಕೇ ಬೇಕು. ಮೇಲಾಗಿ ಪಿನ್ ಹಾಕಿದಲ್ಲಿ ಒಂದೆರಡು ಸಣ್ಣ ಗಾಯ ಹೆಚ್ಚುವರಿ ಇರಬಹುದು.

ರೋಬೋಟ್‌ನಿಂದಲೇ ಬರುವ ತೊಂದರೆಗಳು ಇವೆಯಾ?

ಇವೆ, ಅಪರೂಪ. ಪಿನ್ ಹಾಕಿದ ತೂತಿನಲ್ಲಿ ಮೂಳೆ ದುರ್ಬಲವಾಗಿ ವಾರಗಳ ನಂತರ ಬಿರುಕು ಬಿಡಬಹುದು. ಆ ಜಾಗದಲ್ಲಿ ಸೋಂಕು ಅಥವಾ ನೋವು ಬರಬಹುದು. ಆಪರೇಶನ್ ಸಮಯ ಸ್ವಲ್ಪ ಹೆಚ್ಚುತ್ತದೆ. ಹೊಸದಾಗಿ ಕಲಿಯುತ್ತಿರುವ ತಂಡದಲ್ಲಿ ಇನ್ನೂ ಹೆಚ್ಚು.

ಜನಕ್ಕೆ ಹೊಳೆಯದ ಅಪಾಯ ಇನ್ನೊಂದಿದೆ. ಹೊಳೆಯುವ ಗುಂಡಿನ ಚೌಕಟ್ಟಿಗೆ ನಡುವೆ ಯಾರದಾದರೂ ಕೈ ತಾಗಿ ಅದು ಸ್ವಲ್ಪ ಸರಿದರೆ, ಕಂಪ್ಯೂಟರಿನ ನಕ್ಷೆಗೂ ನಿಜವಾದ ಮೂಳೆಗೂ ತಾಳೆ ತಪ್ಪುತ್ತದೆ. ಯಂತ್ರ ಆಗಲೂ ಧೈರ್ಯವಾಗಿಯೇ ತಪ್ಪು ಜಾಗ ತೋರಿಸುತ್ತದೆ. ಅದಕ್ಕೇ ಮೂಳೆಯ ಮೇಲೆ ಗುರುತಿನ ಬಿಂದು ಇಟ್ಟುಕೊಂಡು ಆಗಾಗ ಮುಟ್ಟಿ ಪರೀಕ್ಷೆ ಮಾಡುತ್ತಾರೆ. ಪರದೆ ಹೇಳಿದ್ದನ್ನು ಕಣ್ಣಿನಿಂದ ಅನುಮಾನಿಸುವ ಸರ್ಜನ್ ಸಿಗುವುದು ಒಳ್ಳೆಯದು.

ಉಳಿದ ಅಪಾಯಗಳು ಮಾಮೂಲಿ ಆಪರೇಶನ್ನಿನವೇ: ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಕೀಲು ಬಿಗಿಯಾಗುವುದು, ನರಕ್ಕೆ ಪೆಟ್ಟು, ಅರಿವಳಿಕೆಯ ತೊಂದರೆ. ರೋಬೋಟ್ ಇದೆ ಎಂದು ಇವು ಮಾಯವಾಗುವುದಿಲ್ಲ.

ಮಧ್ಯದಲ್ಲಿ ಯಂತ್ರ ಕೆಟ್ಟರೆ?

ಪಕ್ಕಕ್ಕೆ ಸರಿಸಿ ಮಾಮೂಲಿ ಉಪಕರಣದಿಂದ ಮುಗಿಸುತ್ತಾರೆ. ಅದಕ್ಕೇ ರೋಬೋಟ್ ಇಲ್ಲದೆಯೂ ಚೆನ್ನಾಗಿ ಮಾಡಬಲ್ಲ ಸರ್ಜನ್ ಬೇಕು ಎನ್ನುವುದು.

ಯಾರಿಗೆ ಆಗುವುದಿಲ್ಲ?

ದೇಹದಲ್ಲಿ ಎಲ್ಲಿಯಾದರೂ ಸೋಂಕು ಇದ್ದರೆ ಯಾವ ಕೀಲು ಬದಲಾವಣೆಯೂ ಸದ್ಯಕ್ಕೆ ಬೇಡ. ಹುಳುಕು ಹಲ್ಲು, ಮೂತ್ರದ ಉರಿ, ಕಾಲಿನ ಹುಣ್ಣು ಎಲ್ಲ ಇದರಲ್ಲಿ ಸೇರುತ್ತವೆ. ಮೂಳೆ ತೀರಾ ಟೊಳ್ಳಾಗಿದ್ದರೆ ಪಿನ್ ಹಿಡಿಯುವುದು ಕಷ್ಟ. ಸೊಂಟ ಗಟ್ಟಿಯಾಗಿ ಅಲುಗದಿದ್ದರೆ, ಕಾಲು ತಿರುಗಿಸಿ ನಡುಬಿಂದು ಹುಡುಕುವ ಯಂತ್ರಗಳು ತಡವರಿಸುತ್ತವೆ. ಹತ್ತಿರದಲ್ಲೇ ಹಳೆಯ ಲೋಹ ಇದ್ದರೆ ಸಿಟಿ ಚಿತ್ರ ಮಸುಕಾಗಬಹುದು. ವಯಸ್ಸು ಒಂದೇ ಅಡ್ಡಿಯಲ್ಲ.

ಸವೆತ ಶುರುವಿನಲ್ಲೇ ಇದ್ದರೆ ರೋಬೋಟಿಕ್ಕೂ ಬೇಡ, ಮಾಮೂಲಿಯೂ ಬೇಡ. ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವುದು, ಮಾತ್ರೆ, ಕೋಲು ಇವನ್ನೆಲ್ಲ ನೋಡಿ ಆಗಿರಬೇಕು. ರಾತ್ರಿ ನಿದ್ದೆ ಕೆಡಿಸುವ ನೋವು, ದಿನದ ಓಡಾಟಕ್ಕೇ ಕಷ್ಟ ಎನ್ನುವ ಹಂತ ಬಂದಾಗ ಯೋಚಿಸುವ ಆಪರೇಶನ್ ಇದು.

ಮುಂಚೆ ನಾವು ಮಾಡಿಕೊಳ್ಳಬೇಕಾದ ತಯಾರಿ?

ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ) ಹಿಡಿತದಲ್ಲಿರಬೇಕು. ಅದು 7.5 ರಿಂದ 8ರ ಒಳಗೆ ಬರಲಿ ಎಂದು ಹೆಚ್ಚಿನ ಸರ್ಜನ್‌ಗಳು ಕಾಯುತ್ತಾರೆ. ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಬೇಕು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ತೊಡೆ ಸ್ನಾಯುವಿನ ವ್ಯಾಯಾಮ ಇವತ್ತೇ ಶುರುಮಾಡಿ: ಕಾಲು ಚಾಚಿ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು. ಆಪರೇಶನ್ ಮುಂಚೆ ಕಲಿತರೆ ನೋವಿನಲ್ಲಿ ಕಲಿಯುವುದು ತಪ್ಪುತ್ತದೆ. ಮನೆಯಲ್ಲಿ ಜಾರುವ ಚಾಪೆ, ಕಾಲಿಗೆ ತೊಡರುವ ವೈರು ತೆಗೆಯಿರಿ. ಕೈ ಇರುವ, ಎತ್ತರದ ಒಂದು ಗಟ್ಟಿ ಕುರ್ಚಿ ಇರಲಿ.

ಎರಡೂ ಮಂಡಿ ಒಟ್ಟಿಗೆ ಮಾಡಿಸಬಹುದಾ?

ಹೃದಯ, ಶ್ವಾಸಕೋಶ ಗಟ್ಟಿ ಇರುವವರಿಗೆ ಮಾಡುತ್ತಾರೆ. ಆದರೆ ದೇಹಕ್ಕೆ ಹೊಡೆತ ಜಾಸ್ತಿ, ಊರಿ ನಿಲ್ಲಲು ಒಂದು ಒಳ್ಳೆಯ ಕಾಲೂ ಇರುವುದಿಲ್ಲ. ಅನುಮಾನ ಇದ್ದರೆ ಒಂದೊಂದಾಗಿ ಮಾಡಿಸುವುದೇ ಮೇಲು.

ಯಾವಾಗ ನಡೆಯಬಹುದು? ನೋವು ಎಷ್ಟು ದಿನ?

ಬಹಳ ಜನ ಅದೇ ದಿನ ಅಥವಾ ಮರುದಿನ ವಾಕರ್ ಹಿಡಿದು ಎದ್ದು ನಿಲ್ಲುತ್ತಾರೆ. ಇದು ರೋಬೋಟಿನ ಪವಾಡ ಅಲ್ಲ. ಸೊಂಟದಿಂದ ಕೆಳಗೆ ಕೊಡುವ ಅರಿವಳಿಕೆ, ಮಂಡಿಯ ನರಕ್ಕೆ ಕೊಡುವ ಇಂಜೆಕ್ಷನ್, ಬೇಗ ಎಬ್ಬಿಸುವ ಪದ್ಧತಿ ಇವೆಲ್ಲದರ ಫಲ. ರೋಬೋಟ್ ಇಲ್ಲದವರೂ ಮರುದಿನ ನಡೆಯುತ್ತಾರೆ.

ಸೊಂಟದವರು ಬೇಗ ಖುಷಿಯಾಗುತ್ತಾರೆ. ಮಂಡಿಯವರಿಗೆ ಮೊದಲ ಎರಡು ಮೂರು ವಾರ ನಿಜಕ್ಕೂ ಕಷ್ಟ. ಊತ, ಬಿಗಿತ, ರಾತ್ರಿ ನಿದ್ದೆ ಬಾರದಿರುವುದು. ಎರಡನೇ ವಾರ "ಯಾಕಾದರೂ ಮಾಡಿಸಿದೆನಪ್ಪಾ" ಅನಿಸದವರು ಕಡಿಮೆ. ಅದು ಸಹಜ. ಆರು ವಾರಕ್ಕೆ ಹೆಚ್ಚಿನವರು ಕೋಲು ಬಿಟ್ಟಿರುತ್ತಾರೆ ಅಥವಾ ಬಿಡುವ ಹಂತದಲ್ಲಿರುತ್ತಾರೆ. ಮಂಡಿ ಬೆಚ್ಚಗಿರುವುದು, ಸಂಜೆ ಊದುವುದು ಮೂರರಿಂದ ಆರು ತಿಂಗಳು ಇರಬಹುದು. ಪೂರ್ತಿ ಹದಕ್ಕೆ ಬರಲು ಒಂದು ವರ್ಷ.

ಮಂಡಿ ಮಡಚುವುದಕ್ಕೆ ಎಲ್ಲರೂ ಒದ್ದಾಡುತ್ತಾರೆ, ಚಾಚುವುದನ್ನು ಮರೆಯುತ್ತಾರೆ. ಮಂಡಿ ಪೂರ್ತಿ ನೇರವಾಗದಿದ್ದರೆ ಜೀವನಪೂರ್ತಿ ಕುಂಟು ಉಳಿಯುತ್ತದೆ. ಹಾಗಾಗಿ ಹಿತ ಅನಿಸಿದರೂ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಬೇಡಿ. ದಿಂಬು ಬೇಕೆಂದರೆ ಹಿಮ್ಮಡಿಯ ಕೆಳಗೆ ಇಡಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು.

ಗಾಯದ ಹೊರಪಕ್ಕದಲ್ಲಿ ಅಂಗೈಯಗಲ ಚರ್ಮ ಜೋಮು ಹಿಡಿದಂತೆ ಇರುತ್ತದೆ. ಅಲ್ಲಿನ ಸಣ್ಣ ನರ ಕತ್ತರಿಸಿಹೋಗಿರುತ್ತದೆ, ಅಷ್ಟೇ. ನಡೆಯುವಾಗ ಟಕ್ ಟಕ್ ಸದ್ದು ಬಂದರೂ ಗಾಬರಿ ಬೇಡ. ಲೋಹ ಪ್ಲಾಸ್ಟಿಕ್‌ಗೆ ತಾಗುವ ಸದ್ದು ಅದು.

ಚಕ್ಕಳಮಕ್ಕಳ ಹಾಕಿ ಕೂರಬಹುದಾ? ಮಂಡಿಯೂರಬಹುದಾ?

ಮಂಡಿ ಸಾಮಾನ್ಯವಾಗಿ 110 ರಿಂದ 125 ಡಿಗ್ರಿ ಮಡಚುತ್ತದೆ. ಕುಕ್ಕರಗಾಲಲ್ಲಿ ಕೂರಲು ಇನ್ನೂ ಬಹಳ ಬೇಕು. ಕೆಲವರಿಗೆ ಆಗುತ್ತದೆ. ಆದರೆ ದಿನವೂ ಹಾಗೆ ಕೂತರೆ ಪ್ಲಾಸ್ಟಿಕ್ ಮೇಲೆ ಭಾರ ಜಾಸ್ತಿ. ಮೊದಲೇ ಕಡಿಮೆ ಮಡಚುತ್ತಿದ್ದ ಮಂಡಿ ಆಪರೇಶನ್ ನಂತರವೂ ಅಷ್ಟಕ್ಕಷ್ಟೇ. ಮಂಡಿಯೂರುವುದರಿಂದ ಕೀಲು ಹಾಳಾಗುವುದಿಲ್ಲ, ಗಾಯದ ಜಾಗ ಮಾತ್ರ ಚುಚ್ಚುತ್ತದೆ.

ಸೊಂಟದವರಿಗೆ ನಿಯಮ ಬೇರೆ. ಹಿಂಬದಿಯಿಂದ ಮಾಡಿದ ಆಪರೇಶನ್ ಆದರೆ ಮೊದಲ 6 ರಿಂದ 12 ವಾರ ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬೇಡಿ, ಕಾಲಿನ ಮೇಲೆ ಕಾಲು ಹಾಕಬೇಡಿ, ಪಾದ ಒಳಕ್ಕೆ ತಿರುಗಿಸಬೇಡಿ ಎನ್ನುತ್ತಾರೆ. ನಿಮಗೆ ಯಾವ ಬದಿಯಿಂದ ಮಾಡಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಗಾಯದಿಂದ ಕೀವು ಅಥವಾ ನಿಲ್ಲದ ಸೋರಿಕೆ, ಜ್ವರ, ಹೆಚ್ಚುತ್ತಲೇ ಹೋಗುವ ಕೆಂಪು. ಮೀನಖಂಡದಲ್ಲಿ ಹಠಾತ್ ನೋವು, ಊತ. ಉಸಿರು ಕಟ್ಟಿದಂತಾಗಿ ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ, ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಸೊಂಟದವರಿಗೆ ಒಮ್ಮೆಲೇ ಟಪ್ ಎಂದು ಕಾಲು ಗಿಡ್ಡವಾಗಿ ತಿರುಗಿ ನಿಂತರೆ ಕೀಲು ಜಾರಿದೆ. ಪಿನ್ ಹಾಕಿದಲ್ಲಿ ವಾರಗಳ ಮೇಲೆ ಹೊಸದಾಗಿ ನೋವು ಶುರುವಾದರೂ ಎಕ್ಸ್-ರೇ ಬೇಕು.

ಡಾಕ್ಟರ ಹತ್ತಿರ ಏನೇನು ಕೇಳಲಿ?

"ಯಾವ ರೋಬೋಟ್?" ಎಂಬುದು ಕೊನೆಯ ಪ್ರಶ್ನೆಯಾಗಲಿ. ಮೊದಲು: ವರ್ಷಕ್ಕೆ ಎಷ್ಟು ಕೀಲು ಬದಲಾಯಿಸುತ್ತೀರಿ? ಈ ಯಂತ್ರದಲ್ಲಿ ಇಲ್ಲಿಯವರೆಗೆ ಎಷ್ಟು? ನನ್ನ ಕಾಲಿಗೆ ಅರ್ಧ ಮಂಡಿ ಸಾಕಾಗುತ್ತದಾ? ಯಾವ ಕೀಲು ಹಾಕುತ್ತೀರಿ, ಅದು ಎಷ್ಟು ವರ್ಷದಿಂದ ಬಳಕೆಯಲ್ಲಿದೆ? ರೋಬೋಟ್ ಬಳಸಿದರೆ ನನ್ನ ವಿಷಯದಲ್ಲಿ ಏನು ಬದಲಾಗುತ್ತದೆ? ಈ ಕೊನೆಯದಕ್ಕೆ ನಿಮ್ಮ ಎಕ್ಸ್-ರೇ ತೋರಿಸಿ ಉತ್ತರ ಹೇಳಿದರೆ ಒಳ್ಳೆಯ ಲಕ್ಷಣ. ಬಣ್ಣದ ಪುಸ್ತಿಕೆ ಕೊಟ್ಟು ಕಳಿಸಿದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ.

ರೋಬೋಟ್‌ಗೆ ಹಣ ಸಾಲದು, ಅಥವಾ ನಿಮ್ಮ ನಂಬಿಕೆಯ ಸರ್ಜನ್ ಬಳಿ ಯಂತ್ರ ಇಲ್ಲ ಎಂದಾದರೆ ಅದಕ್ಕಾಗಿ ಕೊರಗಬೇಡಿ. ಕೈ ಪಳಗಿದ ಸರ್ಜನ್ ಮಾಡಿದ ಮಾಮೂಲಿ ಮಂಡಿ, ಹೊಸಬರು ಮಾಡಿದ ರೋಬೋಟಿಕ್ ಮಂಡಿಗಿಂತ ನನಗೆ ಇಷ್ಟ.

ಏರ್‌ಪೋರ್ಟಿನಲ್ಲಿ ಬೀಪ್ ಅನ್ನುತ್ತದಾ? ಮುಂದೆ ಎಂಆರ್‌ಐ ಮಾಡಿಸಬಹುದಾ?

ಬೀಪ್ ಅನ್ನಬಹುದು. ಕೀಲು ಬದಲಾಗಿದೆ ಎಂದು ಹೇಳಿದರೆ ಸಾಕು, ಬೇಕಿದ್ದರೆ ಗಾಯದ ಗುರುತು ತೋರಿಸಿ. ಎಂಆರ್‌ಐ ಸಾಮಾನ್ಯವಾಗಿ ಮಾಡಿಸಬಹುದು, ಆದರೆ ಕೀಲು ಇದೆ ಎಂದು ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ. ಲೋಹದ ಸುತ್ತಮುತ್ತ ಚಿತ್ರ ಸ್ವಲ್ಪ ಮಸುಕಾಗಿ ಬರುತ್ತದೆ.